ಕರಿ ನಾಲ್ಕು, ಬಿಳಿ ನಾಲ್ಕು

ನನ್ನ ಗಂಟಲು ನನ್ನ ಸ್ವಂತದ್ದಲ್ಲ, ಅದೊಂದು ಧರ್ಮಛತ್ರ. ಯಾರು ಬೇಕಾದರೂ ಬಂದು ಇಳಿದುಕೊಳ್ಳುತ್ತಾರೆ. ಬೆಳಿಗ್ಗೆ ಹಲ್ಲುಜ್ಜುವಾಗ ಹೊಸದುರ್ಗದ ಬಸ್ಸಿನ ಕಂಡಕ್ಟರು ಒಳಗಿರುತ್ತಾನೆ. ಮಧ್ಯಾಹ್ನ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ಬಂದು ಮೂಗಿನಲ್ಲೇ ಎರಡು ಬುದ್ಧಿಮಾತು ಹೇಳಿ ಹೋಗುತ್ತಾರೆ. ಸಂಜೆಯಾದರೆ ಮೈಕ್‌ಸೆಟ್ ಅಂಗಡಿಯ ರುದ್ರಣ್ಣ 'ಹಲೋ, ಮೈಕ್ ಟೆಸ್ಟಿಂಗ್' ಎನ್ನುತ್ತ ಹಾಸಿಗೆ ಬಿಚ್ಚುತ್ತಾನೆ. ಛತ್ರದ ಮಾಲೀಕನಿಗೆ ಮಾತ್ರ ಮಲಗಲು ಜಾಗವಿಲ್ಲ. ನಮ್ಮವ್ವ ಒಮ್ಮೆ ಬೇಸತ್ತು ಕೇಳಿದಳು: “ನಿನ್ನ ಸ್ವಂತ ದನಿ ಯಾವುದ್ಲಾ? ಒಂದ್ಸಲ ಅದರಾಗೆ ನನ್ನ ಕರಿ, ಯಾರ ಮಗ ಅಂತ ನೋಡಾಣ.” ನಾನು ಕರೆದೆ. ಅದೂ ನಮ್ಮಪ್ಪನ ದನಿಯಾಗಿತ್ತು. ಅವ್ವ ಬೆಚ್ಚಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಇಂಥ ಗಂಟಲಿನವನು ಸಂಗೀತದ ವಿಮರ್ಶೆಯ ಬಗ್ಗೆ ಬರೆಯಹೊರಟರೆ ನೀವು ನಗಬಹುದು. ನಗಿ. ಆದರೆ ಅಣಕವೂ ಒಂದು ವಿಮರ್ಶೆಯೇ, ಪೆನ್ನಿಲ್ಲದ ವಿಮರ್ಶೆ. ನಮ್ಮ ಸೀಮೆಯಲ್ಲಿ ಪೆನ್ನಿರುವ ವಿಮರ್ಶಕರು ಹುಟ್ಟಿದ್ದು ನನಗಂತೂ ಗೊತ್ತಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಬೇಕಾದರೂ ಹೋಗಿ ನೋಡಿ. ಹಾಡಿದವನ ಬಗ್ಗೆ ಯಾರೂ ಬರೆಯುವುದಿಲ್ಲ, ಅಲ್ಲೇ ಕೂತಲ್ಲೇ ತೀರ್ಪು ಕೊಟ್ಟುಬಿಡುತ್ತಾರೆ. ನಾಟಕದಲ್ಲಿ ಹಾಡು ಹಿಡಿಸಿತೋ, 'ಒನ್ಸ್ ಮೋರ್!' ಎಂಬ ಕೂಗು. ಕೂಗಿದ ಮೇಲೆ ಹಾಡಲೇಬೇಕು, ಬಿಡುಗಡೆಯಿಲ್ಲ. ಬಾಣ ತಾಗಿ ಸತ್ತು ಬಿದ್ದ ರಾಜ ಒನ್ಸ್ ಮೋರ್ ಎಂದ ಕೂಡಲೇ ಎದ್ದು, ಕಿರೀಟ ಸರಿಮಾಡಿಕೊಂಡು, ಸಾಯುವಾಗಿನ ಹಾಡನ್ನು ಮತ್ತೆ ಹಾಡಿ, ಮತ್ತೆ ಸತ್ತದ್ದನ್ನು ನಾನೇ ಕಂಡಿದ್ದೇನೆ. ಎರಡನೆಯ ಸಲ ಇನ್ನೂ ಚೆನ್ನಾಗಿ ಸತ್ತ.

ಒನ್ಸ್ ಮೋರ್ ಸ್ಪಷ್ಟವಾದ ತೀರ್ಪು. ತೊಡಕಿರುವುದು ಸಿಳ್ಳೆಯಲ್ಲಿ. ನಮ್ಮ ಹಳೆಯ ಲಾಕ್ಷಣಿಕರು ರಸಗಳನ್ನೆಲ್ಲ ಎಣಿಸಿ, ಸಹೃದಯನೆಂದರೆ ಯಾರು, ಅವನಿಗೆ ರೋಮಾಂಚನ ಯಾವಾಗ, ಕಣ್ಣೀರು ಯಾವಾಗ ಎಂದೆಲ್ಲ ಎಳೆ ಎಳೆಯಾಗಿ ಬಿಡಿಸಿ ಹೇಳಿದರು. ಆದರೆ ಆ ಸಹೃದಯ ನಾಲಿಗೆ ಮಡಚಿ, ಎರಡು ಬೆರಳು ಬಾಯಿಗಿಟ್ಟು ಊದಿದರೆ ಅದನ್ನು ಯಾವ ರಸಕ್ಕೆ ಸೇರಿಸಬೇಕೆಂದು ಒಬ್ಬರೂ ಹೇಳಲಿಲ್ಲ. ಅವರ ಕಾಲದ ಸಹೃದಯರು ನೆಲಗಡಲೆ ತಿನ್ನುತ್ತ ನಾಟಕ ನೋಡುತ್ತಿರಲಿಲ್ಲವೇನೋ. ಮೆಚ್ಚಿದವನದೂ ಸಿಳ್ಳೆ, ಹಳಿದವನದೂ ಸಿಳ್ಳೆ. ಹೊರಬರುವ ಗಾಳಿ ಒಂದೇ. ಈ ಒಂದು ಸಂದೇಹದಿಂದ ನಮ್ಮ ಹಾರ್ಮೋನಿಯಂ ಮೇಷ್ಟ್ರು ಒಂದು ವರ್ಷ ಬಾಯಿ ಕಟ್ಟಿಕೊಂಡು ಕೂತಿದ್ದರು. ಅವರ ಬಾಯಿ ಬಿಡಿಸಿದ್ದು ಯಾರು ಗೊತ್ತೆ? ನಮ್ಮ ಊರಿಗೆ ಎಂದೂ ಬಾರದ, ನಾವು ಎಂದೂ ನೋಡದ, ಹೆಸರನ್ನೂ ನೆಟ್ಟಗೆ ಹೇಳಲಾರದ ಒಬ್ಬ ಪರದೇಶದ ರಾಕ್ ಹಾಡುಗಾರ.

ಆತ ಚಿತ್ರದುರ್ಗಕ್ಕೆ ಬಂದದ್ದು ನಮ್ಮ ಇಂಗ್ಲಿಷ್ ಲೆಕ್ಚರರ ಚೀಲದಲ್ಲಿ. ಲೆಕ್ಚರರು ಮೈಸೂರಿನ ಕಡೆಯವರು, ಚಿಕ್ಕ ವಯಸ್ಸು. ಅವರು ನಡೆದರೆ ದೊಡ್ಡಪೇಟೆಯ ಧೂಳನ್ನೆಲ್ಲ ಗುಡಿಸುವಷ್ಟು ಅಗಲದ ಪ್ಯಾಂಟು. ಬೆಂಗಳೂರಿಗೆ ಹೋದಾಗ ಆ ಹಾಡುಗಾರನ ಒಂದು ದೊಡ್ಡ ರೆಕಾರ್ಡನ್ನು ತಂದರು. ಅವರ ಮನೆಯ ಪ್ಲೇಯರು ಕೆಟ್ಟಿತ್ತಾದ್ದರಿಂದ ಅದನ್ನು ರುದ್ರಣ್ಣನ ಮೈಕ್‌ಸೆಟ್ ಅಂಗಡಿಯಲ್ಲಿಟ್ಟು, ದಿನಾ ಸಂಜೆ ಬಂದು ಕೇಳುತ್ತಿದ್ದರು. ರಟ್ಟಿನ ಮೇಲೆ ಹಾಡುಗಾರನ ಚಿತ್ರ: ಎದೆಯವರೆಗೆ ಗಡ್ಡ, ಹಣೆಗೆ ಪಟ್ಟಿ, ಕತ್ತಿನ ನರಗಳು ಬಾವಿ ಹಗ್ಗದ ಹಾಗೆ. ರುದ್ರಣ್ಣ ಅವನಿಗೆ 'ಗಡ್ಡಪ್ಪ' ಎಂದು ನಾಮಕರಣ ಮಾಡಿದ. ವಯಸ್ಸು ನಲವತ್ತು ದಾಟಿದೆಯಂತೆ. ರಾಕ್ ಹಾಡುವವರಲ್ಲಿ ನಲವತ್ತೆಂದರೆ ವಾನಪ್ರಸ್ಥವಂತೆ. ಇದು ಕೋಣೆಯೊಳಗೆ ಕೂತು ಹಾಡಿದ್ದಲ್ಲ, ಸಾವಿರಾರು ಜನರೆದುರು ನಿಂತು ಹಾಡಿದ್ದನ್ನು ಇದ್ದ ಹಾಗೇ ಹಿಡಿದದ್ದು ಎಂದು ಲೆಕ್ಚರರು ವಿವರಿಸಿದರು. ಅದಕ್ಕೇ ಪ್ರತಿ ಹಾಡಿನ ಹಿಂದೆ ಮುಂದೆ ಜನರ ಚಪ್ಪಾಳೆ, ಕೇಕೆ, ಸಿಳ್ಳೆ.

ಆ ಚಪ್ಪಾಳೆ ರುದ್ರಣ್ಣನ ತಲೆ ಕೆಡಿಸಿತು. ಕೈಗೆ ಸಿಕ್ಕಿದ್ದನ್ನು ಸುಮ್ಮನೆ ಬಿಡುವ ಜಾತಿಯಲ್ಲ ಅವನು. ಐಮಂಗಲದಲ್ಲಿ ನಮ್ಮ ಸಂಬಂಧಿಕರದೇ ಒಂದು ಮದುವೆಗೆ ಮೈಕ್‌ಸೆಟ್ ಹೊತ್ತುಕೊಂಡು ಹೊರಟಾಗ, ಪೆಟ್ಟಿಗೆಯಲ್ಲಿ ಗಡ್ಡಪ್ಪನನ್ನೂ ಸೇರಿಸಿಕೊಂಡ. ನಮ್ಮ ಕಡೆಯ ಮದುವೆಯಲ್ಲಿ ಮುಯ್ಯಿಯನ್ನು ಮೈಕಿನಲ್ಲಿ ಕೂಗುವುದುಂಟು. ಯಾರು ಏನು ಕೊಟ್ಟರೆಂದು ಊರಿಗೆಲ್ಲ ಗೊತ್ತಾಗದಿದ್ದರೆ ಕೊಟ್ಟೂ ಏನು ಪ್ರಯೋಜನ? ಕೂಗುವ ಕೆಲಸ ನನ್ನದು, ಏಕೆಂದರೆ ನನ್ನ ಬಳಿ ಬೇಕಾದ ದನಿಗಳಿದ್ದವು. “ಹುಡುಗಿಯ ಸೋದರಮಾವನವರಿಂದ ಒಂದು ಹಿತ್ತಾಳೆ ಕೊಡ!” ಎಂದು ನಾನು ರೇಡಿಯೋ ವಾರ್ತೆಯ ಗತ್ತಿನಲ್ಲಿ ಕೂಗಿದೆ. ರುದ್ರಣ್ಣ ರೆಕಾರ್ಡಿನ ಮೇಲೆ ಮುಳ್ಳನ್ನು ಹಾಡು ಮುಗಿಯುವ ಜಾಗಕ್ಕೆ ಸರಿಯಾಗಿ ಇಳಿಸಿದ. ಸಾವಿರಾರು ಪರದೇಶಿಗಳು ಹಿತ್ತಾಳೆ ಕೊಡಕ್ಕೆ ಭೋರೆಂದು ಚಪ್ಪಾಳೆ ತಟ್ಟಿದರು.

ಸೋದರಮಾವ ಮೊದಲು ಬೆದರಿ ಆಮೇಲೆ ಹಿಗ್ಗಿ, ಪೇಟ ಮುಟ್ಟಿಕೊಂಡು ನಾಲ್ಕು ದಿಕ್ಕಿಗೂ ಕೈಮುಗಿದ. ಮುಂದೆ ಗಂಡಿನ ಕಡೆಯವರ ಗೋಡೆ ಗಡಿಯಾರ ಬಂತು. ಅದಕ್ಕೂ ಚಪ್ಪಾಳೆ ಬಿತ್ತು, ಆದರೆ ಮುಳ್ಳು ಚೂರು ಆಚೆ ಬಿದ್ದು ಬೇಗ ಮುಗಿಯಿತು. ಗಂಡಿನ ದೊಡ್ಡಪ್ಪ ಸಿಡಿದೆದ್ದ. “ಏನಪ್ಪ, ಅವರ ಕೊಡಕ್ಕೆ ಅಷ್ಟುದ್ದ, ನಮ್ಮ ಗಡಿಯಾರಕ್ಕೆ ಇಷ್ಟೇನಾ? ಗಂಡಿನ ಕಡೇರು ಅಂದ್ರೆ ನಿಮ್ಗೆ ಅಷ್ಟು ಸದರ ಆಯ್ತಾ?” ರುದ್ರಣ್ಣ ಗಾಬರಿಯಾಗಿ ಮುಳ್ಳನ್ನು ಮತ್ತೆ ಇಟ್ಟ. ಅದು ಹಿಂದಕ್ಕೆ ಬಿದ್ದು ಗಡ್ಡಪ್ಪನೇ ಬಾಯಿ ಬಿಟ್ಟುಬಿಟ್ಟ. ಚಪ್ಪರವೆಲ್ಲ ಗಡಗುಟ್ಟುವಂಥ ಒಂದು ಉದ್ದನೆಯ ಕೂಗು. ವಾಲಗದವರು ತಮಗೇನೋ ಸನ್ನೆಯಾಯಿತೆಂದು ತಿಳಿದು ಊದತೊಡಗಿದರು.

ಧರ್ಮಪುರದ ಕಡೆಯಿಂದ ಮದುವೆಗೆ ಬಂದಿದ್ದ ನಮ್ಮಜ್ಜಿ ಎಲೆಅಡಿಕೆ ಜಗಿಯುತ್ತ ಪಕ್ಕದಲ್ಲೇ ಕೂತಿದ್ದಳು. ಆಕೆಯ ಹುಟ್ಟಿದ ಮನೆ, ಸೇರಿದ ಮನೆ ಎರಡರಲ್ಲೂ ಕುರಿ ಮಂದೆ. ಮನುಷ್ಯರಿಗಿಂತ ಕುರಿಗಳ ದನಿಯೇ ಆಕೆಗೆ ಹೆಚ್ಚು ಪರಿಚಯ. ಜಗಿಯುವುದನ್ನು ನಿಲ್ಲಿಸಿ ಕಿವಿಗೊಟ್ಟಳು.

“ಯಾರ್ಲಾ ಇವ್ನು, ಪಾಪ? ಕುರಿ ಕಳಕಂಡೋನು ಗುಡ್ಡದ ಮ್ಯಾಲೆ ನಿಂತು ಕೂಗ್ದಂಗೈತೆ.”

“ಹಾಡ್ತಾವ್ನೆ ಕಣಜ್ಜಿ.”

“ಹಾಡೋ ಗೀಡೋ, ಸಿಕ್ತಂತಾ?”

ಅಷ್ಟರಲ್ಲಿ ಹಾಡು ಮುಗಿದು ಚಪ್ಪಾಳೆ ಭೋರ್ಗರೆಯಿತು. ಅಜ್ಜಿ ಸಮಾಧಾನದಿಂದ ಮತ್ತೆ ಜಗಿಯತೊಡಗಿದಳು. “ಸಿಕ್ತು ಅನ್ಸುತ್ತೆ. ಎಲ್ರೂ ಖುಷಿಯಾಗವ್ರೆ.”

ಆ ರೆಕಾರ್ಡಿನ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ ಇದು. ಎರಡನೆಯದು ಅಚ್ಚಿನಲ್ಲಿ ಬಂತು. ಲೆಕ್ಚರರು ಒಂದು ಸಂಜೆ ಮುಖ ಸಪ್ಪಗೆ ಮಾಡಿಕೊಂಡು ರುದ್ರಣ್ಣನ ಅಂಗಡಿಗೆ ಬಂದರು. ಕೈಯಲ್ಲಿ ಯಾವುದೋ ಪರದೇಶದ ಪತ್ರಿಕೆ. ಅದರಲ್ಲಿ ಗಡ್ಡಪ್ಪನ ರೆಕಾರ್ಡಿಗೆ ಛೀಮಾರಿ ಹಾಕಿದ್ದರು. ದನಿ ಹಳತಾಯಿತು, ಉಸಿರು ಸಾಲದು, ಹಿಂದೆ ಏರಿದ ಎತ್ತರಕ್ಕೆ ಈಗ ಏರಲಾಗದೆ ಹಳೆಯ ಹಾಡನ್ನೇ ಕೆಳಗಿಳಿಸಿಕೊಂಡು ಹಾಡಿದ್ದಾನೆ, ಜನ ಚಪ್ಪಾಳೆ ತಟ್ಟಿದ್ದು ಹಳೆಯ ನೆನಪಿಗೇ ಹೊರತು ಈಗಿನ ಹಾಡಿಗಲ್ಲ, ಇನ್ನು ಮನೆಯಲ್ಲಿ ಕೂರುವುದು ಮೇಲು: ಇದಿಷ್ಟು ಅದರ ಸಾರಾಂಶ. ಲೆಕ್ಚರರು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರೆ ಅವರಿಗೇ ಬೈದಂತೆ ತೋರುತ್ತಿತ್ತು. ಕಾಲೇಜಿನಲ್ಲಿ ಓದುವಾಗಿನಿಂದ ಅವರು ಗಡ್ಡಪ್ಪನ ಭಕ್ತರು. ಅಚ್ಚಾದದ್ದನ್ನು ಸುಳ್ಳೆನ್ನಲು ಧೈರ್ಯವಿಲ್ಲ, ಒಪ್ಪಲು ಮನಸ್ಸಿಲ್ಲ. ನಾನು ಪರೀಕ್ಷೆಯ ಫಲಿತಾಂಶ ನೋಡುವುದೂ ಹೀಗೆಯೇ.

ಅಂದು ಅಂಗಡಿಯಲ್ಲಿ ಇನ್ನೊಬ್ಬರು ಕೂತಿದ್ದರು. ಅವರೇ ಮೇಷ್ಟ್ರು.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ನಾಟಕದ ಹಾರ್ಮೋನಿಯಂ ಮೇಷ್ಟ್ರು. ಹರೆಯದಲ್ಲಿ ಕಂಪನಿ ನಾಟಕಗಳಲ್ಲಿ ಹಾಡಿ, ಆಮೇಲೆ ನಾಲ್ಕು ತಾಲೂಕಿನ ಹಳ್ಳಿಗಳಿಗೆ ನಾಟಕ ಕಲಿಸುತ್ತ ಬಂದವರು. ನಮ್ಮ ಸೀಮೆಯ ಒಂದು ವಿಚಿತ್ರ ನಿಮಗೆ ಹೇಳಬೇಕು. ಪೈಲ್ವಾನನನ್ನು ಅವನು ಎತ್ತುವ ಗುಂಡಿನಿಂದ ಅಳೆಯುವಂತೆ, ನಾಟಕದಲ್ಲಿ ಹಾಡುವವನನ್ನು ಅವನ ಶ್ರುತಿಯಿಂದ ಅಳೆಯುತ್ತಾರೆ. ಹಾರ್ಮೋನಿಯಂನಲ್ಲಿ ಬೆರಳೊತ್ತುವ ಯಾವ ಮನೆಯನ್ನು ಆಧಾರ ಮಾಡಿಕೊಂಡು ಹಾಡುತ್ತಾನೋ ಅದೇ ಅವನ ಅಂತಸ್ತು; ಕರಿ ಮನೆ ಒಂದು, ಬಿಳಿ ಮನೆ ಎರಡು, ಹೀಗೆ. ಮನೆ ಎತ್ತರವಾದಷ್ಟೂ ಮೀಸೆ ಎತ್ತರ. ನಮ್ಮ ಮೇಷ್ಟ್ರದು ಕರಿ ನಾಲ್ಕು. ಗಂಡಸಿಗೆ ಅದು ಮರದ ತುದಿ. ಅವರ ಹೆಸರು ಮರೆತವರೂ “ಯಾರು, ಕರಿ ನಾಲ್ಕರ ಮೇಷ್ಟ್ರಾ?” ಎನ್ನುತ್ತಿದ್ದರು. ನಾಟಕ ಕಲಿಸಿದವರೇ ಮೊದಲಿಗೆ ನಾಂದಿ ಹಾಡಬೇಕೆನ್ನುವುದು ಪದ್ಧತಿ, ಮತ್ತು ತಮ್ಮ ಶ್ರುತಿಯಲ್ಲೇ ಹಾಡಬೇಕೆನ್ನುವುದು ಮರ್ಯಾದೆ. ಗಂಟಲು ಒಡೆದರೂ ಚಿಂತೆಯಿಲ್ಲ, ಶ್ರುತಿ ಇಳಿಸಬಾರದು. ಬೇಲಿ ಹಾರಿ ಬಿದ್ದರೂ ಸರಿಯೇ, ಬಗ್ಗಿ ನುಸುಳಬಾರದು ಎಂಬಂತೆ.

ಅದರ ಹಿಂದಿನ ವರ್ಷ ಹೊಳಲ್ಕೆರೆಯಲ್ಲಿ ಮೇಷ್ಟ್ರು ಹಾರಿಯೇ ಬಿದ್ದರು. ನಾಂದಿಯಲ್ಲಿ ಮೇಲಿನ ಷಡ್ಜಕ್ಕೆ, ಅಂದರೆ ಎತ್ತರದ 'ಸ'ಕ್ಕೆ, ಏರುವಾಗ ದನಿ ಮಡಕೆಯ ಹಾಗೆ ಒಡೆಯಿತು. ಅರೆಗಳಿಗೆ ನಿಶ್ಶಬ್ದ. ಆಮೇಲೆ ಹಿಂದಿನಿಂದ ಸಿಳ್ಳೆಗಳು. ಮೇಷ್ಟ್ರು ತಲೆ ತಗ್ಗಿಸಿ ನಾಟಕ ಮುಗಿಯುವವರೆಗೆ ಬರೀ ಹಾರ್ಮೋನಿಯಂ ನುಡಿಸಿದರು. ಅಂದಿನಿಂದ ಯಾರು ಕೇಳಿದರೂ ನೆಗಡಿ. ಒಂದು ವರ್ಷದ ನೆಗಡಿ. ಬೇಸಿಗೆಯಲ್ಲೂ ಕತ್ತಿಗೆ ಮಫ್ಲರ್.

ನಾನು ಸುಮ್ಮನಿರುತ್ತೇನೆಯೇ? ಮೇಷ್ಟ್ರ ಒಡೆದ ಷಡ್ಜ ನನ್ನ ಛತ್ರದ ಕಾಯಂ ಗಿರಾಕಿಯಾಯಿತು. ಹೋಟೆಲಿನಲ್ಲಿ ಕೇಳಿದವರಿಗೆ, ಕೇಳದವರಿಗೆ, ಕೊನೆಗೆ ಮೇಷ್ಟ್ರಿಗೇ ಮಾಡಿ ತೋರಿಸಿದ್ದೆ. ಅವರು ನಕ್ಕಿದ್ದರು. “ಒಡೆಯೋದನ್ನ ಚೆನ್ನಾಗಿ ಕಲ್ತಿದೀಯ ಕಣ್ಲೇ ಮಂಗ. ಅದರ ಮುಂಚಿನ ನಲವತ್ತು ವರ್ಷನೂ ಕಲ್ತ್ಕಾ” ಎಂದಿದ್ದರು. ನಗು ಬಾಯಲ್ಲಿತ್ತು, ಕಣ್ಣಿಗೆ ತಲುಪಿರಲಿಲ್ಲ.

ಈಗ ಹೊಸದುರ್ಗದವರು ನಾಟಕ ಕಲಿತು ಮುಗಿಸಿದ್ದರು. ಹೈಸ್ಕೂಲಿನ ಕಟ್ಟಡಕ್ಕೆ ಸಹಾಯಾರ್ಥ. ನಾಂದಿ ಮೇಷ್ಟ್ರೇ ಹಾಡಬೇಕು, ಆಗದಿದ್ದರೆ ಬಾಯಿಬಿಟ್ಟು ಹೇಳಬೇಕು, ಮುಂದಿನ ವರ್ಷದಿಂದ ಬೇರೆ ಮೇಷ್ಟ್ರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಮೈಕ್‌ಸೆಟ್ಟು ಗೊತ್ತುಮಾಡಲು ಮರುದಿನ ರುದ್ರಣ್ಣನ ಅಂಗಡಿಗೆ ಬರುವವರಿದ್ದರು. ಮೇಷ್ಟ್ರ ಉತ್ತರವನ್ನೂ ಆಗಲೇ ಕೇಳುವವರು. 'ಆಗದು' ಎಂದರೆ ಅದು ಹೊಸದುರ್ಗದ ಒಂದು ಸಂಜೆಯ ಮಾತಾಗಿ ಉಳಿಯುವುದಿಲ್ಲ. ನಾಲ್ಕು ತಾಲೂಕಿಗೂ ಹರಡುತ್ತದೆ, ಮೇಷ್ಟ್ರ ಹಾಡು ಅಲ್ಲಿಗೆ ಮುಗಿಯುತ್ತದೆ. ಇದು ಅವರಿಗೂ ಗೊತ್ತು, ನಮಗೂ ಗೊತ್ತು. ಆ ಸಂಜೆ ಹಾರ್ಮೋನಿಯಂ ಮುಂದಿಡುವ ಮೈಕಿನ ಕೊರಕೊರ ಸರಿಮಾಡಿಸುವ ನೆವದಲ್ಲಿ ಪೆಟ್ಟಿಗೆ ತಂದುಕೊಂಡು ಒಂದು ಖಾಲಿ ಹಾರ್ನ್ ಡಬ್ಬದ ಮೇಲೆ ಕೂತಿದ್ದರು. ಮಫ್ಲರ್ ಬಿಗಿಯಾಗಿತ್ತು.

ರುದ್ರಣ್ಣ ತನ್ನದೇ ಪರಿಹಾರ ಸೂಚಿಸಿದ್ದ. “ನೀವು ಧೈರ್ಯವಾಗಿ ಹಾಡ್ರಿ ಮೇಷ್ಟ್ರೇ. ದನಿ ಎಲ್ಲಾರ ಜಾರ್ತೋ, ನಾನು ಗಡ್ಡಪ್ಪನ ಚಪ್ಪಾಳೆ ಬಿಟ್ಟುಬಿಡ್ತೀನಿ. ಐಮಂಗಲದ ಮದುವೆಯಾಗೆ ಒಂದು ಗಡಿಯಾರಕ್ಕೇ ಹೆಂಗ್ ತಟ್ಟಿದ್ರು ಅಂತೀರಿ!”

“ಮುಚ್ಚಲೇ ಬಾಯಿ. ಪರದೇಶದೋರ ಚಪ್ಪಾಳೆ ಎರವಲು ತಗಂಡು ನಾಂದಿ ಹಾಡ್ಲಾ ನಾನು?”

ಇಂಥ ಹೊತ್ತಿನಲ್ಲಿ ಲೆಕ್ಚರರು ಬಂದು ಪತ್ರಿಕೆಯ ಛೀಮಾರಿಯನ್ನು ಓದಿದ್ದು. ಮೇಷ್ಟ್ರು ಮೊದಲು ಕಿವಿಗೊಟ್ಟಿರಲಿಲ್ಲ. 'ಹಳೆಯ ಹಾಡನ್ನು ಕೆಳಗಿಳಿಸಿಕೊಂಡು' ಎಂಬ ಮಾತು ಬಂದಾಗ ತಲೆಯೆತ್ತಿದರು.

“ಏನಂದ್ರಿ ಸಾರ್? ಇಳಿಸವ್ನಾ? ಅಂಗಂತ ಬರೆದವ್ರಾ?”

ಲೆಕ್ಚರರ ಬಳಿ ಅದೇ ಹಾಡಿನ ಹಳೆಯ ಪುಟ್ಟ ರೆಕಾರ್ಡೂ ಇತ್ತು, ಗಡ್ಡ ಬೆಳೆಯುವ ಮುಂಚಿನ ಗಡ್ಡಪ್ಪನದು. ಎರಡನ್ನೂ ಹಾಕಿಸಿದರು. ಮೇಷ್ಟ್ರು ಹಾರ್ಮೋನಿಯಂ ಎಳೆದುಕೊಂಡು ತಿದಿ ಒತ್ತಿ, ಕಣ್ಣುಮುಚ್ಚಿ ಮನೆ ಮನೆ ತಡಕಿದರು. ಹಳೆಯದಕ್ಕೆ ಒಂದು ಕಡೆ ಬೆರಳು ನಿಂತಿತು. ಹೊಸದಕ್ಕೆ ಇನ್ನೊಂದು ಕಡೆ, ಎಡಕ್ಕೆ, ಕೆಳಗೆ.

“ಹೌದು, ಇಳಿಸವ್ನೆ” ಎಂದರು, ಯಾರದೋ ಮನೆಯ ಗುಟ್ಟು ಹೇಳುವವರಂತೆ ಮೆಲ್ಲಗೆ.

ರುದ್ರಣ್ಣನಿಗೆ ತನ್ನ ಪ್ಲೇಯರಿನ ಮೇಲೆ ಆಪಾದನೆ ಬಂದಂತಾಯಿತು. “ಅದು ವಯಸ್ಸಲ್ಲ ಮೇಷ್ಟ್ರೇ, ವೋಲ್ಟೇಜು! ಸಂಜೆ ಹೊತ್ತು ಕರೆಂಟು ಇಳೀತೈತೆ, ರೆಕಾರ್ಡು ನಿಧಾನ ತಿರುಗ್ತೈತೆ, ಎಂಥೋನ ದನಿನೂ ಕುಗ್ತೈತೆ. ಬೆಳಿಗ್ಗೆ ಬರ್ರಿ, ಇದೇ ಗಡ್ಡಪ್ಪ ಹುಡುಗ ಆಗಿರ್ತಾನೆ.” ಎಂಥ ಉದಾರವಾದ ವಿಮರ್ಶೆ ನೋಡಿ! ಮನುಷ್ಯನಿಗೆ ಮುಪ್ಪೇ ಇಲ್ಲ, ಇರುವುದು ಕರೆಂಟಿನ ಏರುಪೇರು ಮಾತ್ರ. ನನಗಂತೂ ಅದನ್ನು ನಂಬುವ ಆಸೆಯಾಯಿತು. ಆದರೆ ಮೇಷ್ಟ್ರು ಅದೇ ಕರೆಂಟಿನಲ್ಲಿ ಹಳೆಯದನ್ನು ಮತ್ತೆ ಹಾಕಿಸಿದರು. ಅದು ತನ್ನ ಜಾಗದಲ್ಲೇ ನಿಂತಿತ್ತು. ವೋಲ್ಟೇಜು ನಿರ್ದೋಷಿ.

“ಇಳಿಸಿ ಹಾಡಿದ್ನಲ್ಲ, ಜನ ಎದ್ದು ಹೋಗ್ಲಿಲ್ವಾ?” ಎಂದು ಮೇಷ್ಟ್ರು ಕೇಳಿದರು.

“ಇಲ್ಲ ಮೇಷ್ಟ್ರೇ, ನೀವೇ ಕೇಳಿ” ಎಂದರು ಲೆಕ್ಚರರು. ಹಾಡಿನ ಕೊನೆ ಬಂತು. ಚಪ್ಪಾಳೆ ಎದ್ದಿತು. ಮೇಷ್ಟ್ರು ಪೆಟ್ಟಿಗೆಯ ಬಳಿ ಕಿವಿ ತಂದು, ಅಕ್ಕಿಯಲ್ಲಿ ಕಲ್ಲು ಹುಡುಕುವ ಹಾಗೆ ಆ ಗದ್ದಲವನ್ನು ಆರಿಸತೊಡಗಿದರು. ಥಟ್ಟನೆ ಬೆರಳೆತ್ತಿದರು.

“ಇಗಾ! ಸಿಳ್ಳೆ ಹೊಡೀತಾವ್ರೆ. ಅಲ್ಲೂ ಸಿಳ್ಳೆ ಹೊಡೆದ್ರು ನೋಡ್ರಿ!”

“ಅದು ಹೊಗಳಿಕೆ ಮೇಷ್ಟ್ರೇ. ಅವರ ಕಡೆ ಹಾಡು ತುಂಬ ಹಿಡಿಸಿದರೆ ಸಿಳ್ಳೆ ಹಾಕ್ತಾರೆ. ಚಪ್ಪಾಳೆ ಸಾಲದು ಅನ್ನಿಸಿದಾಗ.”

ಮೇಷ್ಟ್ರು ಮುಳ್ಳನ್ನು ಹಿಂದಕ್ಕಿಡಿಸಿ ಆ ಸಿಳ್ಳೆಯನ್ನು ಮತ್ತೆ ಕೇಳಿದರು. ಒಂದು ವರ್ಷ ಹಿಂದಕ್ಕೆ ಹೋಗಿ ಹೊಳಲ್ಕೆರೆಯ ಕತ್ತಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರೆಂದು ಕಾಣುತ್ತದೆ. ಕೊನೆಗೆ ನನ್ನ ಕಡೆ ತಿರುಗಿದರು.

“ಹೊಳಲ್ಕೆರೆ ಜನ ಯಾವ ಕಡೇರ್ಲಾ?”

ಆ ಸಿಳ್ಳೆಗಳನ್ನು ನಾನೂ ಕೇಳಿದ್ದೆ. ಅಣಕವನ್ನೂ ಮಾಡಬಲ್ಲೆ. ಆದರೆ ಅರ್ಥ? ಅಣಕಿಸುವವನಿಗೆ ಸದ್ದು ದಕ್ಕುತ್ತದೆ, ಅದರ ಹಿಂದಿನ ಮನಸ್ಸು ದಕ್ಕುವುದಿಲ್ಲ. ಗಿಣಿಗೆ 'ರಾಮ ರಾಮ' ಎಂಬುದು ಭಕ್ತಿಯೋ ಹಸಿವೋ ಎಂದು ಕೇಳಿದಂತೆ.

ಮಾತು ತಪ್ಪಿಸಲು ನಾನು ಮಾಡುವುದು ಒಂದೇ, ಚೇಷ್ಟೆ. ಮೇಷ್ಟ್ರ ನಾಂದಿಯನ್ನು ಮೇಷ್ಟ್ರ ದನಿಯಲ್ಲೇ ಎತ್ತಿದೆ. ಮಫ್ಲರಿಲ್ಲದಿದ್ದರೂ ಮಫ್ಲರ್ ಸರಿಮಾಡಿಕೊಂಡೆ. ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಹಾಲಿನವನು ಒಳಗೆ ನೋಡದೆಯೇ ಕೂಗಿದ: “ಏನ್ ಮೇಷ್ಟ್ರೇ, ಗಂಟ್ಲು ಬಿಡ್ತಾ?” ನಾವೆಲ್ಲ ನಕ್ಕೆವು. ಮೇಷ್ಟ್ರು ನಗಲಿಲ್ಲ. ಅವರ ಬೆರಳು ಹಾರ್ಮೋನಿಯಂ ಮೇಲೆ ಏನನ್ನೋ ಹುಡುಕುತ್ತಿತ್ತು.

“ಇನ್ನೊಂದ್ಸಲ ಹಾಡು.”

ಹಾಡಿದೆ.

“ಲೇ ಮಂಗ, ನೀನು ನನ್ನ ನಾಂದೀನ ಯಾವ ಶ್ರುತಿಯಾಗೆ ಹಾಡ್ತಾ ಇದೀಯ ಗೊತ್ತೇನ್ಲಾ? ಕರಿ ಒಂದು!”

ನನಗೆ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ನನ್ನ ಗಂಟಲು ಕರಿ ನಾಲ್ಕನ್ನು ದೂರದಿಂದಲೂ ಕಂಡದ್ದಲ್ಲ. “ಏನ್ಮಾಡ್ಲಿ ಮೇಷ್ಟ್ರೇ, ನನಗೆ ಎಟುಕೋದೇ ಅಷ್ಟು. ಮೊದಲಿಂದ್ಲೂ ನಿಮ್ಮನ್ನ ಇಳಿಸ್ಕಂಡೇ ಹಾಡಿರೋದು.”

“ಒಬ್ರೂ ಕೇಳ್ಲಿಲ್ವಾ? ಇದು ಮೇಷ್ಟ್ರಲ್ಲ ಅಂತ ಯಾರೂ ಅನ್ಲಿಲ್ವಾ?”

“ಯಾರಂತಾರೆ? ಈಗ ಹಾಲಿನೋನು ಏನಂದ? ನೀವು ಕೆಮ್ಮಿದ್ರೂ ಜನಕ್ಕೆ ಗೊತ್ತಾಗ್ತೈತೆ. ಮನೆ ನಂಬರ್ ನೋಡಿ ಗುರುತು ಹಿಡಿಯೋಕೆ ಅವರೇನು ಪೋಸ್ಟ್‌ಮ್ಯಾನಾ?”

ಇಷ್ಟು ಹೇಳಿ ಗದರಿಕೆ ಬರುತ್ತದೆಂದು ಕಾದೆ. ಬರಲಿಲ್ಲ. ಮೇಷ್ಟ್ರು ಕತ್ತಿನ ಮಫ್ಲರನ್ನು ಮೆಲ್ಲಗೆ ಬಿಚ್ಚಿ, ಮಡಚಿ, ಹಾರ್ಮೋನಿಯಂ ಮೇಲಿಟ್ಟರು. ಲೆಕ್ಚರರು ಕೈಯಲ್ಲಿದ್ದ ಪತ್ರಿಕೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿ ಸಿಕ್ಕಿಸಿಕೊಂಡು, “ಇನ್ನೊಂದು ಸಲ ಹಾಕಿ ರುದ್ರಣ್ಣ, ಹೊಸದನ್ನೇ” ಎಂದರು. ಆ ಸಲ ಗಡ್ಡಪ್ಪ ಹಾಡಿದ್ದು ನನಗೂ ಬೇರೆಯಾಗಿ ಕೇಳಿಸಿತು. ಹಳೆಯ ರೆಕಾರ್ಡಿನಲ್ಲಿ ಅವನು ಎತ್ತರಕ್ಕೆ ಹಾರಿ 'ನೋಡಿ' ಎಂದಿದ್ದ. ಹೊಸದರಲ್ಲಿ ನಮ್ಮ ಪಕ್ಕಕ್ಕೇ ಬಂದು ಕೂತು 'ಕೇಳಿ' ಎಂದಂತಿತ್ತು. ಪತ್ರಿಕೆಯವರು ಬರೆದದ್ದು ಸುಳ್ಳೇನಲ್ಲ. ಇಳಿದದ್ದು ನಿಜ. ಇಳಿದು ಎಲ್ಲಿಗೆ ಬಂದ ಎಂಬುದನ್ನು ಮಾತ್ರ ಅವರು ಬರೆದಿರಲಿಲ್ಲ.

ಮರುದಿನ ಹೊಸದುರ್ಗದವರು ಬಂದಾಗ ಮೇಷ್ಟ್ರು “ಹಾಡ್ತೀನಿ ಹೋಗ್ರಿ” ಎಂದರು. ಯಾವ ಶ್ರುತಿಯಲ್ಲಿ ಎಂದು ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಹೈಸ್ಕೂಲಿನ ಬಯಲಿನಲ್ಲಿ ನಾಟಕ. ಹಳ್ಳಿಗಳಿಂದ ಬಂದ ಜನಕ್ಕೆ ವಾಪಸು ಹೋಗಲು ಕೊನೆಯ ಬಸ್ಸು ಸಿಗಲೆಂದು ಹೊತ್ತು ಮುಳುಗುವ ಮೊದಲೇ ಶುರು ಮಾಡಿದರು. ನಾನು ಮೇಷ್ಟ್ರ ಪಕ್ಕದಲ್ಲಿ ಮೈಕು ಹಿಡಿಯುವ ನೆವದಲ್ಲಿ ಕೂತಿದ್ದೆ. ರುದ್ರಣ್ಣ ಅತ್ತ ತನ್ನ ಪೆಟ್ಟಿಗೆಗಳ ನಡುವೆ ಗಡ್ಡಪ್ಪನ ರೆಕಾರ್ಡನ್ನು ಹೂಡಿ, ಮುಳ್ಳನ್ನು ಎತ್ತಿ ಹಿಡಿದೇ ಕೂತಿದ್ದ. ಬೇಡವೆಂದು ಸನ್ನೆ ಮಾಡಿದರೆ 'ಇರಲಿ, ಇರಲಿ' ಎಂದು ಅವನೂ ಸನ್ನೆ ಮಾಡಿದ.

ಮೇಷ್ಟ್ರು ಶ್ರುತಿ ಹಿಡಿದರು. ನಾಟಕ ಕಂಡ ಜನರಿಗೆ ಅಷ್ಟೇ ಸಾಕು. ಮುಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತಿದ್ದ ಹಿರಿಯರೊಬ್ಬರು ತಲೆಯೆತ್ತಿ ಕೂಗಿಯೇ ಬಿಟ್ಟರು:

“ಇದೇನ್ ಮೇಷ್ಟ್ರೇ, ಶ್ರುತಿ ಇಳಿದೈತೆ? ಕರಿ ನಾಲ್ಕು ಎಲ್ಲೋಯ್ತು?”

ಬಯಲಿನ ಕತ್ತುಗಳೆಲ್ಲ ಮೇಷ್ಟ್ರ ಕಡೆ ತಿರುಗಿದವು. ಮೇಷ್ಟ್ರು ಮೈಕಿಗೆ ಬಾಗಿದರು.

“ಬಿಳಿ ನಾಲ್ಕು ಕಣಣ್ಣ. ತಲೆ ಬಿಳಿ ಆಗಿ ಯಾವ ಕಾಲ ಆಯ್ತು, ಗಂಟ್ಲು ಒಂದು ಇನ್ನಾ ಕರೀದ್ರಾಗೇ ಇರ್ಲಿ ಅಂದ್ರೆ ಹೆಂಗೆ?”

ಹಿರಿಯರು ತಮ್ಮ ತಲೆಯನ್ನು ತಾವೇ ಸವರಿಕೊಂಡರು. “ಅದೂ ದಿಟಾನೇ. ಹಾಡ್ರಿ ಹಾಡ್ರಿ.” ಬಯಲೆಲ್ಲ ನಕ್ಕಿತು. ಆ ನಗು ಇಳಿಯುವ ಮೊದಲೇ ಮೇಷ್ಟ್ರು ನಾಂದಿ ಎತ್ತಿಕೊಂಡರು.

ಹೇಗೆ ಹಾಡಿದರೆಂದು ಬಣ್ಣಿಸಲು ನನಗೆ ಬಾರದು. ಬೇಕಿದ್ದರೆ ಸಿಕ್ಕಾಗ ಹಾಡಿ ತೋರಿಸುತ್ತೇನೆ, ಕರಿ ಒಂದರಲ್ಲಿ. ಇಷ್ಟು ಮಾತ್ರ ಹೇಳಬಲ್ಲೆ: ಮೇಲಿನ ಷಡ್ಜ ಬಂದಾಗ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಮೇಷ್ಟ್ರು ಇನ್ನೂ ಅಲ್ಲೇ ಇದ್ದರು, ಪರಿಚಯದ ಮನೆಯ ಜಗುಲಿಯ ಮೇಲೆ ಕೂತವರ ಹಾಗೆ. ಇಳಿಯುವಾಗ ದನಿ ಒಂದು ಕಡೆ ಚೂರು ಹರಿಯಿತು. ಅವರು ಅದನ್ನು ಮುಚ್ಚಲು ಹೋಗಲಿಲ್ಲ.

ಮುಗಿಯಿತು. ಅರೆಗಳಿಗೆ ನಿಶ್ಶಬ್ದ, ಹೊಳಲ್ಕೆರೆಯಲ್ಲಿ ಆದಂಥದ್ದೇ. ಆಮೇಲೆ ಹಿಂದಿನಿಂದ, ಹುಣಸೆಮರದ ಕಡೆಯಿಂದ, ಒಂದು ಉದ್ದನೆಯ ಸಿಳ್ಳೆ. ರುದ್ರಣ್ಣನ ಕೈ ಮುಳ್ಳಿನ ಮೇಲೆ ಚಲಿಸಿತು. ಮೇಷ್ಟ್ರು ಕಣ್ಣಿನಲ್ಲೇ ಅವನನ್ನು ತಡೆದು, ಮೈಕಿಗೆ ಅಂಗೈ ಅಡ್ಡವಿಟ್ಟು, ನನ್ನ ಕಿವಿಯ ಬಳಿ ಕೇಳಿದರು:

“ಲೇ, ಇದು ಯಾವ ಸಿಳ್ಳೆ?”

ಅವರ ಅಂಗೈ ತಣ್ಣಗಾಗಿತ್ತು. ಮೈಕಿನ ಮೇಲಿಟ್ಟದ್ದು ನನ್ನ ಬೆರಳಿಗೂ ತಾಗುತ್ತಿತ್ತು.

“ಇಂಗ್ಲಿಷ್ ಸಿಳ್ಳೆ ಮೇಷ್ಟ್ರೇ” ಎಂದೆ.

ಅಂಗೈ ಅಡ್ಡ ಇಟ್ಟರೆ ಮೈಕು ಕೇಳಿಸಿಕೊಳ್ಳುವುದಿಲ್ಲವೆಂದು ತಿಳಿದವರು ರುದ್ರಣ್ಣನ ಮೈಕನ್ನು ನೋಡಿಲ್ಲ. ನನ್ನ ಉತ್ತರ ಎರಡೂ ಹಾರ್ನಿನಿಂದ ಹೊಸದುರ್ಗಕ್ಕೆಲ್ಲ ಕೇಳಿಸಿತು. ಜನಕ್ಕೆ ಏನರ್ಥವಾಯಿತೋ, ಏನು ಆಗಲಿಲ್ಲವೋ, ಇನ್ನೂ ನಾಲ್ಕು ಸಿಳ್ಳೆ ಎದ್ದವು. ಆಮೇಲೆ ಚಪ್ಪಾಳೆ. ಕಂಬಳಿಯ ಹಿರಿಯರು ಎದ್ದುನಿಂತು “ಒನ್ಸ್ ಮೋರ್!” ಎಂದರು. ಅದಂತೂ ಖಚಿತವಾಗಿ ಇಂಗ್ಲಿಷೇ. ಮೇಷ್ಟ್ರು ಮತ್ತೆ ತಿದಿ ಒತ್ತಿದರು. ರುದ್ರಣ್ಣ ಗಡ್ಡಪ್ಪನನ್ನು ಎತ್ತಿ ರಟ್ಟಿನೊಳಗೆ ಮಲಗಿಸಿ, ತಾನೂ ಎರಡು ಕೈಯಿಂದ ಚಪ್ಪಾಳೆ ತಟ್ಟತೊಡಗಿದ.

ಆ ಮೊದಲ ಸಿಳ್ಳೆ ಯಾರದೋ, ಯಾಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೆಚ್ಚಿದವನದಿರಬಹುದು, ತುಂಟನದಿರಬಹುದು. ಹುಣಸೆಮರದ ಆಚೆ ಬೀಳು ಹೊಲ. ಹೊತ್ತು ಮುಳುಗುವ ಸಮಯ. ಮಂದೆಯಿಂದ ತಪ್ಪಿಸಿಕೊಂಡ ಕುರಿಯನ್ನು ಯಾರೋ ಕರೆಯುತ್ತಿದ್ದಿರಲೂಬಹುದು. ನಮ್ಮಜ್ಜಿ ಇದ್ದಿದ್ದರೆ ಖಂಡಿತ ಕೇಳುತ್ತಿದ್ದಳು, ಸಿಕ್ತಂತಾ ಎಂದು.

ಸಿಕ್ಕಿತು ಕಣಜ್ಜಿ. ಬಿಳಿ ನಾಲ್ಕರಲ್ಲಿ.